ಮಳೆ ಬಿದ್ದೊಡನೆ ಬಸವನಹುಳು ಆರಿಸಿರಿ

ಮುಂಗಾರಿನ ಮೊದಲ ಮಳೆಯ ಮರುದಿನ ಹಿಪ್ಪುನೇರಳೆಯ ಎಳೆ ಚಿಗುರು ಮಾಯವಾಗಿ, ನೆಲದ ಮೇಲೆ ಅಂಟು ಒಣಗಿದ ಹೊಳೆಯುವ ಜಾಡು ಕಂಡರೆ ಕಂಬಳಿಹುಳುವನ್ನು ದೂರಬೇಡಿ. ಅದು ಆಫ್ರಿಕಾದ ದೈತ್ಯ ಬಸವನಹುಳುವಿನ ಕೆಲಸ.

ಪೂರ್ವ ಆಫ್ರಿಕಾ ಮೂಲದ ಈ ಹುಳುವನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದರು. ಅಲ್ಲಿನ ತೋಟದಲ್ಲಿ ನೆಲೆಯೂರಿದ ಸಂತತಿ ಈಗ ನಮ್ಮ ರಾಜ್ಯದ ಅಡಿಕೆ, ಬಾಳೆ, ಪರಂಗಿ, ತರಕಾರಿ ಮತ್ತು ಹಿಪ್ಪುನೇರಳೆಯನ್ನೂ ಕಾಡುತ್ತಿದೆ.

ಹಗಲಿನಲ್ಲಿ ಇದು ಬದುವಿನ ಕಲ್ಲುಗಳ ಅಡಿ, ಬೇಲಿಯ ಬುಡ, ತರಗೆಲೆಯ ರಾಶಿ, ತಿಪ್ಪೆಯ ಅಂಚು ಮುಂತಾದ ತಂಪು ಜಾಗಗಳಲ್ಲಿ ಅಡಗಿದ್ದು, ರಾತ್ರಿ ಮೇಯಲು ಹೊರಡುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನೊಳಗೆ ನಿದ್ರಿಸುತ್ತದೆ. ಕಾಣಲಿಲ್ಲವೆಂದು ಸತ್ತಿತೆಂದು ತಿಳಿಯಬಾರದು. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿದ್ದು, ಒಂದು ಸಲಕ್ಕೆ 100ಕ್ಕೂ ಹೆಚ್ಚು ಮೊಟ್ಟೆಗಳನ್ನು ಮಣ್ಣಿನಲ್ಲಿಡುತ್ತದೆ. ಆದ್ದರಿಂದ ಮೊದಲ ಮಳೆಗೇ ಹುಳು ಹಿಡಿಯುವುದು ಲಾಭ.

ತೂಬಗೆರೆಯ ಕಡೆಯ ರೇಷ್ಮೆ ಬೆಳೆಗಾರರೊಬ್ಬರು, "ಅಡಿಕೆ ತೋಟದವರು ಹೊಗೆಸೊಪ್ಪಿನ ಕಷಾಯಕ್ಕೆ ಮೈಲುತುತ್ತ ಸೇರಿಸಿ ಹೊಡೀತಾರಂತೆ, ನಾವೂ ಹೊಡೆಯೋಣ್ವಾ ಸಾರ್?" ಎಂದು ಕೇಳಿದರು. ಖಂಡಿತ ಬೇಡವೆಂದೆ. ಹೊಗೆಸೊಪ್ಪಿನ ಅಂಶ ತಗುಲಿದ ಸೊಪ್ಪು ತಿಂದರೆ ರೇಷ್ಮೆಹುಳು ಸಾಯುತ್ತದೆ. ಬಸವನಹುಳು ಚಿಗುರನ್ನಷ್ಟೇ ತಿಂದೀತು. ಈ ಔಷಧಿ ಚಂದ್ರಿಕೆಯನ್ನೇ ಬರಿದು ಮಾಡೀತು.

ಖರ್ಚಿಲ್ಲದ ಉಪಾಯ ಹೀಗಿದೆ. ಸಂಜೆ ಬದುಗಳ ಮೇಲೆ ಪರಂಗಿ ಎಲೆ ಅಥವಾ ಕೋಸಿನ ಎಲೆ ಹರಡಿ, ಮೇಲೆ ಒದ್ದೆ ಗೋಣಿಚೀಲ ಹಾಸಿರಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಚೀಲವೆತ್ತಿ, ಅಡಿಯಲ್ಲಿ ಸೇರಿದ ಹುಳುಗಳನ್ನು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿರಿ. ಸತ್ತ ಹುಳುಗಳನ್ನು ಗುಂಡಿಯಲ್ಲಿ ಆಳವಾಗಿ ಹೂಳಿರಿ. ಉಪ್ಪನ್ನು ಹೊಲಕ್ಕೆ ಎರಚಬಾರದು, ಮಣ್ಣು ಕೆಡುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ಬಳಸುವವರು ನಾಯಿ, ಕೋಳಿ, ದನಕರುಗಳಿಗೆ ಸಿಗದಂತೆ ಎಚ್ಚರ ವಹಿಸಬೇಕು.

ಬರಿಗೈಯಲ್ಲಿ ಹುಳು ಮುಟ್ಟಕೂಡದು. ಮಿದುಳಿಗೆ ರೋಗ ತರುವ ಜಂತು ಇದರಲ್ಲಿರಬಹುದು. ಮಕ್ಕಳನ್ನು ದೂರವಿಡಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಹಸಿ ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆದು ಬಳಸಿ.

ಒಬ್ಬರು ಆರಿಸಿ ಪಕ್ಕದವರು ಬಿಟ್ಟರೆ, ಬದು ದಾಟಿ ಮತ್ತೆ ಬರುತ್ತವೆ. ಊರಿನವರೆಲ್ಲ ಸೇರಿ ಒಂದೇ ವಾರ ಈ ಕೆಲಸಕ್ಕೆ ಇಳಿದರೆ ಮಾತ್ರ ಬೆಳೆ ಉಳಿದೀತು.