ಕಳೆದ ಫೋನಿಗೆ ಹದಿನೈದು ಅಂಕಿಯ ಗುರುತು

ಮಾಣಿಕನಗರದ ದತ್ತ ಜಯಂತಿಗೆ ಮೂರು ರಾಜ್ಯಗಳ ಜನ ಸೇರುತ್ತಾರೆ. ಹುಮನಾಬಾದಿಗೆ ಅಂಟಿಕೊಂಡ ಈ ಊರಿನಿಂದ ಪುಣೆ–ಹೈದರಾಬಾದ್ ಹೆದ್ದಾರಿ ಹಿಡಿದರೆ ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ತೆಲಂಗಾಣದ ಜಹೀರಾಬಾದ್. ಮಾಣಿಕಪ್ರಭುಗಳ ದರ್ಶನಕ್ಕೆ ಬಂದವರ ಬಾಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಎಲ್ಲವೂ ಕೇಳುತ್ತವೆ. ಮಾರ್ಗಶಿರ ಹುಣ್ಣಿಮೆಯ ಆ ನೂಕುನುಗ್ಗಲಿನಲ್ಲಿ ಮೊಬೈಲ್ ಕಳೆದುಕೊಂಡವರ ಅಳಲನ್ನೂ ಎಲ್ಲ ಭಾಷೆಗಳಲ್ಲಿ ಕೇಳಬಹುದು.

ಬಂದೋಬಸ್ತಿಗಿದ್ದ ಒಬ್ಬ ಹೆಡ್ ಕಾನ್‌ಸ್ಟೇಬಲ್ ಇಂಥವರಿಗೆ ನೆರವಾಗುವ ರೀತಿಯೇ ಈ ಬರಹಕ್ಕೆ ಕಾರಣ. ಹೆಸರು ಬೇಡವೆಂದರು, ಜನರಿಗೆ ಅವರು ಜಮಾದಾರ ಸಾಹೇಬರು. ಫೋನ್ ಹೋಯಿತೆಂದು ಕಣ್ಣೀರಿಡುತ್ತ ಬಂದ ಮುದುಕಿಯೊಬ್ಬರಿಗೆ ಅವರು ಫೋನಿನ ಬಣ್ಣ ಕೇಳಲಿಲ್ಲ, ಕಂಪನಿ ಕೇಳಲಿಲ್ಲ.

“ಅವ್ವಾ, ಫೋನಿನ ಡಬ್ಬಿ ಮನ್ಯಾಗ ಅದ ಏನು?”

“ಅದ ರೀ ಸಾಹೇಬ. ಸೂಜಿ-ದಾರ ಇಟ್ಟೀನಿ ಅದರಾಗ.”

ಪಕ್ಕದವರ ಫೋನಿನಿಂದ ಮನೆಗೆ ಕರೆ ಹೋಯಿತು. ಮೊಮ್ಮಗ ಡಬ್ಬಿಯ ಮೇಲಿನ ಸಂಖ್ಯೆ ಓದಿದ. ಜಮಾದಾರರು ಹದಿನೈದು ಅಂಕಿಗಳನ್ನು ಬರೆದುಕೊಂಡು, ಕೆಳಗೆ ಏನೋ ಲೆಕ್ಕ ಹಾಕಿ, “ಒಂದು ಅಂಕಿ ತಪ್ಪ್ಯಾದ ತಮ್ಮಾ, ಮತ್ತೊಮ್ಮೆ ಓದು” ಎಂದರು. ಹುಡುಗ ಒಂದು ಏಳನ್ನು ಒಂದು ಎಂದು ಓದಿದ್ದ.

ಕಾಣದ ಡಬ್ಬಿಯ ತಪ್ಪು ಇವರಿಗೆ ಗೊತ್ತಾದದ್ದು ಹೇಗೆ? ಪ್ರತಿ ಫೋನಿಗೂ ಇರುವ ಐಎಂಇಐ ಸಂಖ್ಯೆಯಲ್ಲಿ ಮೊದಲ 8 ಅಂಕಿ ಫೋನಿನ ಮಾದರಿಯನ್ನು, ನಂತರದ 6 ಆ ಒಂದೇ ಫೋನಿನ ಕ್ರಮಾಂಕವನ್ನು ಹೇಳುತ್ತವೆ. 15ನೆಯದು ಕಾವಲಿನ ಅಂಕಿ. ಮೊದಲ ಹದಿನಾಲ್ಕರಲ್ಲಿ ಎರಡನೆಯದು, ನಾಲ್ಕನೆಯದು, ಹೀಗೆ ಸಮಸ್ಥಾನದವನ್ನು ಇಮ್ಮಡಿ ಮಾಡಬೇಕು. ಎರಡಂಕಿ ಬಂದರೆ ಆ ಎರಡನ್ನೂ ಕೂಡಬೇಕು. ಎಲ್ಲ ಸೇರಿ 52 ಬಂತೆನ್ನಿ. ಹತ್ತರಿಂದ ಭಾಗವಾಗುವ ಮುಂದಿನ ಸಂಖ್ಯೆ 60 ಆಗಲು 8 ಬೇಕು, ಆದ್ದರಿಂದ ಕೊನೆಯ ಅಂಕಿ 8 ಇರಲೇಬೇಕು. ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಸಲ್ಲಿಸಿದ ಉಪಾಯವಿದು. ಬ್ಯಾಂಕ್ ಕಾರ್ಡುಗಳನ್ನೂ ಇದೇ ಕಾಯುತ್ತದೆ. ಕಂಪ್ಯೂಟರ್ ಕ್ಷಣದಲ್ಲಿ ಮಾಡುವ ಈ ಲೆಕ್ಕವನ್ನು ಜಾತ್ರೆಯ ಗದ್ದಲದಲ್ಲಿ ಬಾಲ್‌ಪೆನ್ನಿನಿಂದ ಮಾಡುವ ಪೊಲೀಸರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ಕೆಲಸ ಸಿಇಐಆರ್ ಎಂಬ ಕೇಂದ್ರ ವ್ಯವಸ್ಥೆಯದು. 2023ರ ಮೇ ತಿಂಗಳಲ್ಲಿ ಅದು ದೇಶಕ್ಕೆಲ್ಲ ತೆರೆಯಿತು. ಠಾಣೆಯ ದೂರಿನ ಪ್ರತಿ ಬೇಕು, ಗುರುತಿನ ಚೀಟಿ ಬೇಕು. ಅದೇ ನಂಬರಿನ ಸಿಮ್ ಮತ್ತೆ ಪಡೆದಿದ್ದರೆ ಒಟಿಪಿಗೆ ಅನುಕೂಲ. ಎರಡು ಸಿಮ್ ಫೋನಾದರೆ ಎರಡು ಐಎಂಇಐ, ಎರಡನ್ನೂ ಕೊಡಬೇಕು. ಆಮೇಲೆ ಆ ಫೋನು ದೇಶದ ಯಾವ ಮೊಬೈಲ್ ಜಾಲದಲ್ಲೂ ನಡೆಯದು. ಯಾರಾದರೂ ಬೇರೆ ಸಿಮ್ ಹಾಕಿದರೆ ಠಾಣೆಗೆ ಸುದ್ದಿ ಬರುತ್ತದೆ. ಐಎಂಇಐ ತಿದ್ದುವವರಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡವಿದೆ.

ಗಡಿಯವರಿಗೆ ಈ ದೇಶವ್ಯಾಪಿ ವ್ಯವಸ್ಥೆಯ ಬೆಲೆ ಹೆಚ್ಚು. ನಿಜಾಮರ ಕಾಲದಲ್ಲಿ ಜಹೀರಾಬಾದ್, ಉದಗೀರ್ ಎಲ್ಲ ಬೀದರ್ ಜಿಲ್ಲೆಯವೇ. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಜೊತೆಗೆ ಠಾಣೆಗಳೂ ಬೇರೆಬೇರೆ ಸರ್ಕಾರದವಾದವು. ಕದ್ದ ಮಾಲು ಬಸ್ಸು ಹತ್ತಿ ಗಡಿ ದಾಟುವುದು ಸುಲಭ, ತನಿಖೆಯ ಕಾಗದಪತ್ರ ದಾಟುವುದು ತಡ. ಆದರೆ ಭಕ್ತಿಗೆ ಈ ಗಡಿ ಎಂದೂ ಲೆಕ್ಕಕ್ಕಿಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, 1865ರಲ್ಲಿ ಮಾಣಿಕನಗರದಲ್ಲೇ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸಕಲಮತ ಪಂಥಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ.

ಕಳೆದ ಫೋನೆಲ್ಲ ಸಿಗುವುದಿಲ್ಲ. ಬಿಡಿಭಾಗವಾಗಿ ಮಾರಿಹೋದದ್ದು ಸಿಮ್ ಕಾಣುವುದೇ ಇಲ್ಲ. ಸುದ್ದಿ ಬಂದರೂ ಬೆನ್ನು ಹತ್ತಲು ಠಾಣೆಯಲ್ಲಿ ಆಳು ಬೇಕು, ಬಿಡುವು ಬೇಕು. ನನಗೆ ಹೆಚ್ಚು ನೋವಾಗುವುದು ಬೇರೊಂದಕ್ಕೆ. ಓದುಬರಹ ಬಾರದ ಆ ಅಜ್ಜಿಗೆ ಸಂಖ್ಯೆಯ ಬಲ ದಕ್ಕಿದ್ದು ಒಬ್ಬ ಮನುಷ್ಯನ ತಾಳ್ಮೆಯಿಂದ. ಆ ಜಮಾದಾರರು ವರ್ಗವಾದರೆ, ನಿವೃತ್ತರಾದರೆ ಮುಂದೆ ಯಾರು? ಜಾತ್ರೆಯಲ್ಲಿ ನೀರಿಗೆ, ಔಷಧಿಗೆ ಟೆಂಟ್ ಹಾಕುವಂತೆ ಇದಕ್ಕೂ ಒಂದು ಮೇಜು ಹಾಕಿ, ಕನ್ನಡ, ಮರಾಠಿ, ತೆಲುಗು, ಉರ್ದು ಬಲ್ಲ ಇಬ್ಬರನ್ನು ಕೂರಿಸಬೇಕು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೂ ಅದು ಬೇಕು.

ಓದುಗರು ಅಲ್ಲಿಯವರೆಗೆ ಕಾಯುವುದು ಬೇಡ. ಫೋನಿನಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ. ತೆರೆಯ ಮೇಲೆ ಬರುವ ಸಂಖ್ಯೆಯನ್ನು ರೇಷನ್ ಕಾರ್ಡಿನ ಜೊತೆ ಬರೆದಿಡಿ. ಮನೆಯ ಹಿರಿಯರ ಫೋನಿನದನ್ನು ಮೊದಲು ಬರೆಯಿರಿ.