ಮೊದಲ ಸಲ ಕೋಳಿ ಸಾಕುವವರಿಗೆ: ದೊಡ್ಡ ಗಾತ್ರ, ಸಾಧು ಸ್ವಭಾವ



ಕಳೆದ ಆದಿತ್ಯವಾರ ಪೂಜೆ ಮುಗಿದ ಬಳಿಕ ತಾಯಿಯೊಬ್ಬರು ಇಗರ್ಜಿಯ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ ಕೇಳಿದರು: “ಫಾದರ್, ಕೊಳೆರೋಗದಿಂದಾಗಿ ಈ ಸಲ ಅಡಿಕೆ ಕೈಗೆ ಬರಲಿಲ್ಲ. ಕುಟುಂಬಶ್ರೀ ಗುಂಪಿನಿಂದ ಸಾಲ ತೆಗೆದು ಕೋಳಿ ಸಾಕೋಣ ಅಂತಿದ್ದೇನೆ. ಆದರೆ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಹಿಂದೆ ಇದ್ದ ಹುಂಜ ಅವಳ ಕಣ್ಣಿನ ಕೆಳಗೇ ಕುಕ್ಕಿತ್ತು. ಮಕ್ಕಳ ಮೈಮೇಲೆ ಬಾರದ ಕೋಳಿ ಯಾವುದಾದರೂ ಉಂಟೇ?”

ಉಂಟು. ಅವರಿಗೆ ಹೇಳಿದ್ದನ್ನೇ ಎಲ್ಲರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಯಾವ ಜಾತಿ?

ನಮ್ಮ ಕಡೆ ಅಂಕದ ಹುಂಜದ ರಕ್ತ ಬೆರೆತ ಕೋಳಿಗಳು ಬಹಳ. ನೋಡಲು ಗಂಭೀರ, ಆದರೆ ಕಾದಾಟ ಅವುಗಳ ಹುಟ್ಟುಗುಣ. ಚಿಕ್ಕ ಮಕ್ಕಳಿರುವ ಮನೆಗೆ ಅವು ಬೇಡ. ಬ್ರಹ್ಮ, ಕೊಚ್ಚಿನ್ ಎಂಬ ಭಾರೀ ಗಾತ್ರದ ಅಲಂಕಾರದ ಕೋಳಿಗಳು ಬಹು ಸಾಧು. ಆದರೆ ಅವುಗಳ ಕಾಲಿನ ಬೆರಳವರೆಗೂ ಗರಿ. ಆಟಿ ತಿಂಗಳ ಮಳೆಯಲ್ಲಿ ಆ ಗರಿಗೆ ಕೆಸರು ಮೆತ್ತಿ, ಒಣಗದೆ, ಕಾಲಿಗೆ ಹುಣ್ಣು, ಹುಳು ಬರುತ್ತದೆ. ಬೆಲೆಯೂ ಹೆಚ್ಚು. ಹೊಸಬರಿಗೆ ಅವು ಹೇಳಿದ್ದಲ್ಲ.

ನಮ್ಮ ಸಲಹೆ ಗಿರಿರಾಜ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಲ್ಲಿ ಸಾಕುವುದಕ್ಕಾಗಿಯೇ ಬೆಳೆಸಿ 1989ರಲ್ಲಿ ಬಿಡುಗಡೆ ಮಾಡಿದ ತಳಿ ಇದು. ಬಣ್ಣಬಣ್ಣದ ಗರಿ, ಗಟ್ಟಿ ಕಾಲು, ಸಮಾಧಾನದ ಸ್ವಭಾವ. ನಾಟಿ ಹೇಂಟೆ ಒಂದೂವರೆ ಕಿಲೋ ತೂಗಿದರೆ ಗಿರಿರಾಜ ಹೇಂಟೆ ಮೂರು ಕಿಲೋ ಆಸುಪಾಸು ಬರುತ್ತದೆ. ನಾಟಿ ಕೋಳಿ ವರ್ಷಕ್ಕೆ 60–80 ಮೊಟ್ಟೆ ಇಟ್ಟರೆ, ಚೆನ್ನಾಗಿ ನೋಡಿಕೊಂಡ ಗಿರಿರಾಜ 130–150 ಇಡುತ್ತದೆ. ಮೊಟ್ಟೆಯೇ ಮುಖ್ಯ ಎನ್ನುವವರಿಗೆ ಹೆಬ್ಬಾಳದ್ದೇ ಆದ, ಇದಕ್ಕಿಂತ ಹಗುರ ಮೈಯ ಸ್ವರ್ಣಧಾರ ಇದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜವೂ ಒಳ್ಳೆಯದೇ.

ಬಣ್ಣದ ಮರಿಗಳನ್ನೆಲ್ಲ “ಗಿರಿರಾಜ” ಎಂದು ಮಾರುವವರಿದ್ದಾರೆ. ಆದ್ದರಿಂದ ಸರಕಾರಿ ಫಾರಂ ಅಥವಾ ನಂಬಿಕೆಯ ಕಡೆಯಿಂದಲೇ ಮರಿ ತನ್ನಿ. ಯಾವ ಜಾತಿಯಾದರೂ ಪ್ರಾಯಕ್ಕೆ ಬಂದ ಹುಂಜದ ಮೇಲೆ ಒಂದು ಕಣ್ಣಿರಲಿ. ತಿನ್ನುವ ಮೊಟ್ಟೆಗೆ ಹುಂಜ ಬೇಕಾಗಿಲ್ಲ. ಇಟ್ಟುಕೊಳ್ಳುವುದಾದರೆ ಎಂಟು ಹತ್ತು ಹೇಂಟೆಗೆ ಒಂದು ಸಾಕು, ಕುಕ್ಕುವ ಬುದ್ಧಿಯದನ್ನು ಮಾರಿಬಿಡಿ.

ಸಾಧು ಕೋಳಿಗೆ ಕಾವಲು ನಾವೇ

ಒಂದು ಮಾತು ಮನಸ್ಸಿನಲ್ಲಿರಲಿ. ನಾಟಿ ಕೋಳಿ ಹದ್ದನ್ನು ಕಂಡರೆ ಪೊದೆಗೆ ನುಗ್ಗುತ್ತದೆ, ರಾತ್ರಿ ಮರ ಹತ್ತುತ್ತದೆ. ಗಿರಿರಾಜಕ್ಕೆ ಮೈಭಾರ, ಅಷ್ಟು ಚುರುಕಿಲ್ಲ. ಮುಂಗುಸಿ, ಕಾಡುಬೆಕ್ಕು, ನಾಯಿಗೆ ಬೇಗನೆ ಸಿಕ್ಕಿಬೀಳುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂಡಿನ ಬಾಗಿಲು ಭದ್ರವಾಗಿರಬೇಕು. ಒಂದು ಕೋಳಿಗೆ ಎರಡು ಮೂರು ಚದರ ಅಡಿ ಜಾಗ ಕೊಡಿ. ಕೂರುವ ಕೋಲು ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಬೇಡ, ಭಾರದ ಕೋಳಿ ಎತ್ತರದಿಂದ ಹಾರಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುತ್ತದೆ.

ಮರಿಗಳ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಗುರುಮನೆಗೆ ಹದಿನೈದು ಮರಿ ತಂದು, ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಲ್ಬು ತೂಗಿಸಿ ನಿಶ್ಚಿಂತೆಯಿಂದ ಮಲಗಿದೆವು. ಬೆಳಿಗ್ಗೆ ನೋಡಿದರೆ ಒಂದರ ಮೇಲೊಂದು ಬಿದ್ದು ಒಂಬತ್ತು ಸತ್ತಿದ್ದವು. ನಾವು ಹಾಕಿದ್ದು ಎಲ್‌ಇಡಿ ಬಲ್ಬು! ಅದು ಬೆಳಕು ಕೊಡುತ್ತದೆ, ಮರಿಗೆ ಸಾಕಾಗುವಷ್ಟು ಶಾಖ ಕೊಡುವುದಿಲ್ಲ. ಹತ್ತು ಹನ್ನೆರಡು ಮರಿಗೆ ಹಳೆಯ ತರಹದ 40 ಅಥವಾ 60 ವಾಟಿನ ಬಿಸಿಯಾಗುವ ಬಲ್ಬು ಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಶಾಖವಿರಲಿ, ಆಮೇಲೆ ವಾರವಾರವೂ ಮೂರು ಡಿಗ್ರಿಯಂತೆ ಇಳಿಸಿ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಮೂಲೆಗೆ ಸರಿದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿ. ರಾತ್ರಿ ಒಮ್ಮೆ ಎದ್ದು ನೋಡಿ. ಕರೆಂಟು ಹೋಗುವುದೂ ಉಂಟಲ್ಲ!

ಮರಿ ತರಲು ಮಳೆ ನಿಂತ ಅಕ್ಟೋಬರ್ ತಿಂಗಳು ಒಳ್ಳೆಯದು. ಒದ್ದೆ ನೆಲದಲ್ಲಿ ರಕ್ತಭೇದಿ ಬೇಗ ಹರಡುತ್ತದೆ. ಕೆಳಗೆ ಉಮಿ ಅಥವಾ ಮರದ ಹೊಟ್ಟು ಹಾಸಿ, ಒಣಗಿರುವಂತೆ ನೋಡಿಕೊಳ್ಳಿ.

ಲಸಿಕೆ ಮತ್ತು ಆರೋಗ್ಯ

ಹಿತ್ತಿಲ ಕೋಳಿಗಳನ್ನು ಒಂದೇ ವಾರದಲ್ಲಿ ಖಾಲಿ ಮಾಡುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದ ಮೇಲೆ ಮದ್ದಿಲ್ಲ. 5–7ನೇ ದಿನ ಲಸೋಟ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸಬೇಕು. ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು. ಸರಿಯಾದ ದಿನಗಳನ್ನು ಮೃಗಾಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಲಸಿಕೆಯನ್ನು ಐಸಿನಲ್ಲಿಟ್ಟೇ ತರಬೇಕು.

ಕೋಳಿ ಮುಟ್ಟಿದ ಮಕ್ಕಳು ಸಾಬೂನು ಹಾಕಿ ಕೈ ತೊಳೆಯಲಿ. ಮರಿಗೆ ಮುತ್ತಿಡಲು ಬಿಡಬೇಡಿ. ರೋಗದಿಂದ ಸತ್ತ ಕೋಳಿಯನ್ನು ತಿನ್ನಬೇಡಿ, ಆಳವಾಗಿ ಹೂಳಿ. 2014ರಲ್ಲೂ 2021ರಲ್ಲೂ ಆಲಪ್ಪುಳ, ಕೋಟ್ಟಯಂ ಕಡೆ ಹಕ್ಕಿಜ್ವರ ಬಂದದ್ದು ನಿಮಗೆ ನೆನಪಿರಬಹುದು. ಹಲವು ಕೋಳಿ ಒಟ್ಟಿಗೆ ಸತ್ತರೆ ಮೃಗಾಸ್ಪತ್ರೆಗೆ ತಿಳಿಸುವುದು ನೆರೆಮನೆಗೂ ಮಾಡುವ ಉಪಕಾರ.

ಎಷ್ಟರಿಂದ ಆರಂಭ?

ಸಾಲದ ಹಣವನ್ನೆಲ್ಲ ಮರಿಗೆ ಹಾಕಬೇಡಿ. ಹನ್ನೆರಡು ಮರಿ ಸಾಕು. ಗಂಡು ಹೆಣ್ಣು ಬೆರೆತಿರುವುದರಿಂದ ಆರು ಹೇಂಟೆ ಸಿಗಬಹುದು. ಆರನೇ ತಿಂಗಳ ಹೊತ್ತಿಗೆ ಮೊಟ್ಟೆ ಶುರುವಾಗಿ, ದಿನಕ್ಕೆ ಎರಡು ಮೂರು ಬಂದರೆ ಮನೆಯ ಮಕ್ಕಳಿಗೆ ತಲಾ ಒಂದು ಕೊಡಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇದೆ. ಹೆಚ್ಚಿನ ಹುಂಜಗಳನ್ನು ಮಾರಿದರೆ ಆಹಾರದ ಖರ್ಚಿಗೆ ನೆರವಾಗುತ್ತದೆ. ಮೊಟ್ಟೆ ಇಡುವಾಗ ಮರುವಾಯಿ ಚಿಪ್ಪನ್ನು ಪುಡಿ ಮಾಡಿ ಕೊಡಿ, ತೋಡು ಗಟ್ಟಿಯಾಗುತ್ತದೆ. ಅನ್ನವನ್ನು ಮಾತ್ರ ಮಿತಿಮೀರಿ ಹಾಕಬೇಡಿ, ಕೊಬ್ಬು ಬೆಳೆದ ಕೋಳಿ ಮೊಟ್ಟೆ ಇಡದು.

ಗಿರಿರಾಜ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ನಾಟಿ ಹೇಂಟೆಯ ಅಡಿಯಲ್ಲಿಟ್ಟು ಮರಿ ಮಾಡಿಸಿದರೂ ಆ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ಹೊಸ ಮರಿ ಕೊಳ್ಳಲು ಮೊಟ್ಟೆಯ ಹಣದಲ್ಲಿ ಸ್ವಲ್ಪ ಎತ್ತಿಡಬೇಕು.

ಆ ತಾಯಿ ಇಪ್ಪತ್ತೈದು ಮರಿಗೆ ಹೇಳಿಟ್ಟಿದ್ದರಂತೆ, ಈಗ ಹನ್ನೆರಡಕ್ಕೆ ಇಳಿಸಿದ್ದಾರೆ. ಮರಿ ಬರುವ ಮೊದಲೇ ಗೂಡಿಗೆ ಚಿಲಕ ಹಾಕಿಸುತ್ತೇನೆಂದು ಹೇಳಿ ಹೋದರು. ಆರಂಭ ಹೀಗಿದ್ದರೆ ಸಾಲ ಹೊರೆಯಾಗದು.