ನಿಮಗಿದು ಗೊತ್ತೆ? ಜಲ್ಲಿ ದಾರಿ ಪೂರ್ತಿ ಸಮತಟ್ಟಾಗಿರಬಾರದು!

ಅಮೆರಿಕದ ಹಳ್ಳಿಗಾಡಿನಲ್ಲಿ ಗೇಟಿನಿಂದ ಮನೆಬಾಗಿಲ ತನಕ ಜಲ್ಲಿ ಹಾಸಿದ ದಾರಿ ಸಾಮಾನ್ಯ. ಅದನ್ನು ಸರಿಪಡಿಸಲು ಟ್ರ್ಯಾಕ್ಟರ್ ಹಿಂದೆ ಕಬ್ಬಿಣದ ಬ್ಲೇಡ್ ಕಟ್ಟಿ ಎಳೆಯುತ್ತಾರೆ. ಬ್ಲೇಡ್ ಓರೆಯಾಗಿರಬೇಕು, ಆಗಲೇ ಅಂಚಿಗೆ ಸರಿದ ಜಲ್ಲಿ ಮತ್ತೆ ನಡುವಿಗೆ ಬರುವುದು. ದಾರಿಯ ನಡು ಆಮೆಬೆನ್ನಿನಂತೆ ಉಬ್ಬಿರಬೇಕು. ಅಲ್ಲಿಂದ ಅಂಚಿಗೆ ಮೀಟರಿಗೆ ಸುಮಾರು 4 ಸೆಂ.ಮೀ. ಇಳಿಜಾರು ಇದ್ದರೆ ಮಳೆನೀರು ಹರಿದುಹೋಗುತ್ತದೆ. ಇಲ್ಲವಾದರೆ ನೀರು ನಿಂತು ಗುಂಡಿ ಬೀಳುತ್ತದೆ.

ಇಂಥ ದಾರಿಯ ದೊಡ್ಡ ಕಾಟ, ಅಡ್ಡಡ್ಡ ಏಳುವ ಸಾಲು ಸಾಲು ಅಲೆಗಳು. ಕಾರಿನ ಸ್ಪ್ರಿಂಗನ್ನೋ ಎಂಜಿನನ್ನೋ ದೂರುವ ಹಾಗಿಲ್ಲ. ಒಂದು ಮಿತಿಗಿಂತ ವೇಗವಾಗಿ ಉರುಳಿದರೆ ಬರಿಯ ಚಕ್ರವೂ ಒಣ ಮರಳಿನಲ್ಲಿ ಅಲೆ ಎಬ್ಬಿಸುತ್ತದೆಂದು 2007ರಲ್ಲಿ ಪ್ರಕಟವಾದ ಭೌತವಿಜ್ಞಾನ ಪ್ರಯೋಗ ತೋರಿಸಿತು. ಉಬ್ಬನ್ನು ಕೆರೆದು ತಗ್ಗಿಗೆ ತುಂಬಿದರೆ ಸಾಲದು, ಅಲೆ ಬೇಗನೆ ಮರಳುತ್ತದೆ. ತಗ್ಗಿನ ತಳದವರೆಗೂ ಕೆರೆದು ಹೊಸದಾಗಿ ಹರಡಬೇಕು. ಅವಸರಪಟ್ಟು ಟ್ರ್ಯಾಕ್ಟರ್ ಓಡಿಸಿದರೆ ಬ್ಲೇಡೇ ಕುಣಿದು ಹೊಸ ಅಲೆ ಮೂಡಿಸೀತು!

ಟ್ರ್ಯಾಕ್ಟರ್ ಬರುವ ಮೊದಲೂ ಈ ಕೆಲಸ ನಡೆದಿತ್ತು. 1896ರ ಸುಮಾರಿಗೆ ಮಿಸೌರಿಯ ರೈತ ಡಿ. ವಾರ್ಡ್ ಕಿಂಗ್, ಸೀಳಿದ ಮರದ ದಿಮ್ಮಿಗಳನ್ನು ಜೋಡಿಸಿ ಕುದುರೆಗಳಿಂದ ಎಳೆಸಿ ಮಣ್ಣಿನ ರಸ್ತೆ ಸರಿಮಾಡುವ ಸಾಧನ ರೂಪಿಸಿದರು. ಖರ್ಚು ತೀರಾ ಕಡಿಮೆ. ಮಳೆ ನಿಂತ ಮೇಲೆ, ಮಣ್ಣು ಪೂರ್ತಿ ಒಣಗುವ ಮುನ್ನ ಎಳೆಯಬೇಕೆಂಬುದು ಅವರ ಪದ್ಧತಿ. ಬ್ಲೇಡ್ ಕಟ್ಟಿದ ಇಂದಿನ ರೈತರೂ ಅದೇ ಹದಕ್ಕಾಗಿ ಕಾಯುತ್ತಾರೆ.